ಒಂದರಿಂದ ಅಳೆಯುವವರು

ನನ್ನ ಮಗ ಹಾಲೇಶಪ್ಪ ಕಾಮಾಲೆಯಿಂದ ಲಿಂಗೈಕ್ಯನಾಗಿ ಇಪ್ಪತ್ತೊಂದು ದಿನವಾಗಿತ್ತು. ಆ ಬೆಳಿಗ್ಗೆ, ಅವನು ಕೆಲಸ ಮಾಡುತ್ತಿದ್ದ ದಾವಣಗೆರೆಯ ಹೈಸ್ಕೂಲಿನ ಹೆಡ್‌ಮಾಸ್ತರು ಮುರುಗೇಶಪ್ಪನವರು ಹರಿಹರದ ನಮ್ಮ ಮನೆಗೆ ಬಂದರು. ೧೯೬೨ನೆಯ ಇಸವಿ, ಫೆಬ್ರವರಿ ತಿಂಗಳು. ನಾನು ಆಗಷ್ಟೇ ಲಿಂಗಪೂಜೆ ಮುಗಿಸಿ ಜಗಲಿಗೆ ಬಂದಿದ್ದೆ. ಮಗ ಹೋದ ಮೇಲೆ ಪೂಜೆ ಬಿಟ್ಟಿರಲಿಲ್ಲ. ಬೇಡುವುದನ್ನು ಮಾತ್ರ ಬಿಟ್ಟಿದ್ದೆ.

ಹೆಡ್‌ಮಾಸ್ತರು ಮಜ್ಜಿಗೆಯ ಲೋಟವನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ವಾಮದೇವಪ್ಪನೋರೇ, ಬೀಗದ ಕೈಗೆ ಬಂದೀನಿ" ಎಂದರು. "ಮರಗೆಲಸದ ಕೊಠಡೀದು. ಅದು ಹಾಲೇಶಪ್ಪನೋರ ಹತ್ರಾನೇ ಇರ್ತಿತ್ತು."

"ಅವನ ಜಾಗಕ್ಕೆ ಯಾರು ಬಂದರು?"

"ಯಾರೂ ಇಲ್ಲ. ಬರೋದೂ ಇಲ್ಲ. ಮಾರ್ಚಿ ಪರೀಕ್ಷೆ ಮುಗಿದ ಮೇಲೆ ಆ ವಿಭಾಗಾನೇ ಮುಚ್ಚೋ ಮಾತು ನಡದೈತೆ. ಸಾಮಾನೆಲ್ಲ ಚಿತ್ರದುರ್ಗಕ್ಕೆ ಕಳಿಸಿ ಅಂತಾರೆ. ಪರೀಕ್ಷಕರು ಬಂದು, ಇಲ್ಲಿ ಕೆಲಸ ಚೆನ್ನಾಗಿ ನಡದೈತೆ, ವಿಭಾಗ ಇರಲಿ ಅಂತ ಬರೆದ್ರೆ ಮಾತ್ರ ಉಳೀತದೆ. ಆದ್ರೆ ಹದಿನಾಲ್ಕು ಹುಡುಗರನ್ನ ಆರು ವಾರ ನೋಡ್ಕೊಳ್ಳೋರು ಯಾರು?"

ಅವರು ಒಳ್ಳೆಯ ಮನುಷ್ಯರು. ಹಿಂದಿನ ವರ್ಷ, ಉತ್ತಮ ಉಪಾಧ್ಯಾಯರ ಹೆಸರು ಕಳಿಸಿ ಎಂದು ಮೇಲಿನಿಂದ ಕಾಗದ ಬಂದಾಗ ತಾವು ಹಾಲೇಶಪ್ಪನ ಹೆಸರನ್ನೇ ಬರೆದು ಕಳಿಸಿದ್ದಾಗಿ ಹೇಳಿದರು. ಗಣಿತಕ್ಕೆ, ಭಾಷೆಗೆ, ಚರಿತ್ರೆಗೆ ಜಾಗವಿದೆ, ಕೈಕಸುಬಿಗೆ ಇಲ್ಲ ಎಂದು ಅದು ಹಿಂದಕ್ಕೆ ಬಂದಿತ್ತಂತೆ. ಮಗ ಈ ಮಾತನ್ನು ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ನಗುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು.

ನಿಜ ಹೇಳಬೇಕು. ನಾನು ನಾಲ್ಕು ತಲೆಮಾರಿನ ಬಡಗಿ. ಹರಿಹರದ ಹೊಳೆದಂಡೆಯ ಓಣಿಗಳಲ್ಲಿ ನಾನು ನಿಲ್ಲಿಸಿದ ಬಾಗಿಲು ಎಷ್ಟೋ ಇವೆ. ಮರದ ಕೆಲಸವನ್ನು ಕಪ್ಪು ಹಲಗೆಯ ಮೇಲೆ ಬರೆದು ಕಲಿಸುತ್ತಾರೆಂದರೆ ನನಗೆ ಅದು ಮಕ್ಕಳ ಆಟ. ಹನ್ನೊಂದು ವರ್ಷ ಮಗ ಬೆಳಗಿನ ಪ್ಯಾಸೆಂಜರ್ ರೈಲಿಗೆ ದಾವಣಗೆರೆಗೆ ಹೋಗಿ ಬರುತ್ತಿದ್ದ. ಒಮ್ಮೆಯೂ ನಾನು ಅವನ ಕೊಠಡಿಯನ್ನು ನೋಡಲಿಲ್ಲ.

ಗೋಡೆಯ ಮೊಳೆಯಲ್ಲಿ ಅವನ ಕೋಟಿನ ಪಕ್ಕಕ್ಕೆ ಬೀಗದ ಕೈ ತೂಗುತ್ತಿತ್ತು. ನಾನು ಎದ್ದು ಕೈ ಚಾಚಿದೆ. ಒಳಗಿನಿಂದ ಸೊಸೆ ಶಕುಂತಲಮ್ಮನ ಧ್ವನಿ ಬಂತು.

"ಅದನ್ನ ಕೊಡಬ್ಯಾಡ್ರಿ, ಮಾವ."

"ಶಾಲೆಯ ಸ್ವತ್ತು ತಾಯಿ, ಕೊಡದೆ ಇರೋಕೆ ಆಗ್ತದಾ?"

"ಕೊಠಡಿ ತೆಗೆಯೋಕೆ ತಾನೇ ಬೇಕು? ನೀವೇ ಹೋಗಿ ತೆಗೀರಿ. ಹನ್ನೊಂದು ವರ್ಷ ಹೋಗಲಿಲ್ಲ. ಈಗಾದ್ರೂ ಹೋಗ್ರಿ."

ಹೆಡ್‌ಮಾಸ್ತರ ಮುಂದೆ ಹೀಗೆ ಅಂದಳಲ್ಲ ಎಂದು ನನಗೆ ಸಿಟ್ಟು ಬಂತು. ಬಂದ ಸಿಟ್ಟು ಉಳಿಯಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನಾಳೆಯಿಂದ ನಾನೇ ಬರ್ತೀನಿ" ಎಂದೆ. "ಸಂಬಳ ಬ್ಯಾಡ. ಪರೀಕ್ಷಕರು ಬರೋ ತನಕ ಆ ಕೊಠಡಿ ಮುಚ್ಚೋದಿಲ್ಲ. ಆಮೇಲೂ ಮುಚ್ಚಬಾರದು."

ಮುರುಗೇಶಪ್ಪನವರು ಆಗ ಮಜ್ಜಿಗೆ ಕುಡಿದರು. ಹೊರಡುವಾಗ ಮಾತ್ರ ಒಂದು ಮಾತು ಹೇಳಿದರು: "ನಿಮ್ಮ ಹೆಸರು ಕಾಗದದಾಗೆ ಬರೋ ಹಂಗಿಲ್ಲ, ಯಜಮಾನ್ರೇ. ಪರೀಕ್ಷೆಯ ಫಾರಮಿನಾಗೆ 'ಕಲಿಸಿದವರು' ಅಂತ ಒಂದು ಕಾಲಂ ಐತೆ. ಅದನ್ನ ಖಾಲಿ ಬಿಡಬೇಕಾಗ್ತದೆ."

"ನನ್ನ ಹೆಸರು ಯಾಕೆ?" ಎಂದೆ. "ಅವನ ಹೆಸರು ಬರೀರಿ."

"ಅವರು ಸೇವೆಯಲ್ಲಿ ಇಲ್ಲವಲ್ಲ" ಎಂದರು. ಅಷ್ಟು ಹೇಳಲು ಅವರಿಗೂ ಕಷ್ಟವಾಯಿತು.

ಮರುದಿನ ಕೊಠಡಿಯ ಬಾಗಿಲು ತೆರೆದು ನಾನು ಹೊಸ್ತಿಲಲ್ಲೇ ನಿಂತೆ. ಎದುರು ಗೋಡೆಯ ಮೇಲೆ ಉಳಿ, ಗರಗಸ, ಹತ್ತರಿ, ಮೂಲೆಮಟ್ಟ ಸಾಲಾಗಿ ತೂಗುತ್ತಿದ್ದವು. ಒಂದೊಂದರ ಹಿಂದೆಯೂ ಅದರ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದ. ಯಾವ ಸಾಮಾನು ಜಾಗದಲ್ಲಿಲ್ಲವೋ ಅದರ ನೆರಳು ಗೋಡೆಯ ಮೇಲೆ ಕಾಣುತ್ತದೆ. ನನ್ನ ಅಂಗಡಿಯಲ್ಲಿ ದಿನವೂ ಅರ್ಧ ಗಂಟೆ ಉಳಿ ಹುಡುಕುವುದರಲ್ಲೇ ಹೋಗುತ್ತಿತ್ತು. ಇದನ್ನು ಅವನು ನನಗೆ ಯಾಕೆ ಹೇಳಲಿಲ್ಲ ಎಂದುಕೊಂಡೆ. ಆಮೇಲೆ, ನಾನು ಯಾವತ್ತು ಕೇಳಿದೆ ಎಂದೂ ಅಂದುಕೊಂಡೆ.

ಹುಡುಗರು ಎದ್ದು ನಿಂತರು. ಹದಿನಾರು, ಹದಿನೇಳರ ಪ್ರಾಯದವರು. ಜವಳಿ ಅಂಗಡಿಯವರ ಮಗ ಬಕ್ಕೇಶ ಎಂಬವನೊಬ್ಬ ಇದ್ದ, ಬಾಯಿ ಮುಚ್ಚದವನು. ಅವನೇ ಮೊದಲು ಮಾತಾಡಿದ.

"ಅಜ್ಜಾ, ನೀವು ಸಾರ್ ಅವರಪ್ಪ ಅಂತ ಹೇಳೋದೇ ಬ್ಯಾಡ. ಅದೇ ಹುಬ್ಬು. ಸಿಟ್ಟು ಬಂದಾಗ ಅವರಿಗೂ ಹಿಂಗೇ ಕೂಡಿಕೊಳ್ತಿತ್ತು."

"ನನಗೇನೂ ಸಿಟ್ಟು ಬಂದಿಲ್ಲ."

"ಬರ್ತದೆ ಬಿಡ್ರಿ. ಕೆಂಚಣ್ಣ ಗರಗಸ ಹಿಡಿಯೋದು ನೀವಿನ್ನೂ ನೋಡಿಲ್ಲ."

ಕೆಂಚಣ್ಣ ಅವನ ಬೆನ್ನಿಗೆ ಗುದ್ದಿದ. ಎಲ್ಲರೂ ನಕ್ಕರು. ನಕ್ಕ ಮೇಲೆ ನನ್ನ ಮುಖ ನೋಡಿ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. ನಾನು ಕೈಸನ್ನೆ ಮಾಡಿ, ಕೆಲಸ ಹಿಡಿಯಿರಿ ಎಂದೆ.

ಅವರು ಕೆಲಸ ಮಾಡುವುದನ್ನು ನೋಡುತ್ತಾ ಕುಳಿತೆ. ಎರಡು ಸಂಗತಿ ನನಗೆ ವಿಚಿತ್ರವಾಗಿ ಕಂಡವು. ಒಂದು, ಇವರು ಅಳತೆಪಟ್ಟಿಯ ತುದಿಯಿಂದ ಅಳೆಯುತ್ತಿರಲಿಲ್ಲ. ಒಂದನೆಯ ಅಂಗುಲದ ಗೆರೆಯನ್ನು ಮರದ ಅಂಚಿಗೆ ಇಟ್ಟು ಅಲ್ಲಿಂದ ಎಣಿಸುತ್ತಿದ್ದರು. ಹತ್ತು ಅಂಗುಲ ಬೇಕಾದರೆ ಹನ್ನೊಂದರ ಮೇಲೆ ಗುರುತು. ಎರಡು, ಒಬ್ಬ ಗುರುತು ಹಾಕಿದರೆ ಅವನೇ ಕೊಯ್ಯುತ್ತಿರಲಿಲ್ಲ. ಇನ್ನೊಬ್ಬ ಬಂದು ಮತ್ತೆ ಅಳೆದು, ಮರದ ಮೇಲೆ ಪೆನ್ಸಿಲಿನಿಂದ ಇಬ್ಬರ ಹೆಸರೂ ಬರೆದ ಮೇಲೆಯೇ ಗರಗಸ ಮುಟ್ಟುವುದು.

ಆನೆಕೊಂಡದ ಬೊಮ್ಮಣ್ಣ ನನ್ನ ಹತ್ತಿರ ಕೆಲಸ ಮಾಡುತ್ತಿದ್ದ. ಅವನ ತಂದೆ ಹತ್ತಿ ಗಿರಣಿಯಲ್ಲಿ ಕೂಲಿ. ಮಾತು ಕಡಿಮೆ, ಕೈ ಸ್ಥಿರ.

"ಯಾಕಪ್ಪಾ, ಮೊದಲನೇ ಅಂಗುಲಕ್ಕೆ ಮೈಲಿಗೆಯೇನು?" ಎಂದೆ.

"ಸಾರ್ ಹಂಗೆ ಹೇಳಿಕೊಟ್ಟಾರೆ, ಅಜ್ಜಾ."

"ನಾನು ಐವತ್ತು ವರ್ಷದಿಂದ ತುದಿಯಿಂದಲೇ ಅಳೀತಾ ಇದೀನಿ."

ಅವನು ನಕ್ಕ. ಒಂದರ ಗೆರೆಯಿಂದಲೇ ಅಳೆದ.

ಹೀಗೆ ಮೂರು ವಾರ ಕಳೆದವು. ಮಾರ್ಚಿ ಮೊದಲ ವಾರದಲ್ಲಿ ಇಲಾಖೆಯಿಂದ ಪರೀಕ್ಷೆಯ ನಕ್ಷೆ ಬಂತು, ಜೊತೆಗೆ ಎಣಿಸಿ ಕೊಟ್ಟ ಸಾಗುವಾನಿ ಮರ. ಪ್ರತಿಯೊಬ್ಬ ಹುಡುಗನೂ ಒಂದು ಕಿಟಕಿಬಾಗಿಲಿನ ಚೌಕಟ್ಟು ಮಾಡಿಡಬೇಕು. ಹದಿನೇಳು ಅಂಗುಲ ಅಗಲ, ಇಪ್ಪತ್ತನಾಲ್ಕು ಅಂಗುಲ ಎತ್ತರ. ಪರೀಕ್ಷಕರು ಬಂದು ಅಳೆದು ಅಂಕ ಕೊಡುತ್ತಾರೆ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ.

ನಮ್ಮ ಬಡಗಿಗಳಲ್ಲಿ ಆಯ ಕೂಡಿಸುವ ಪದ್ಧತಿ ಇದೆ. ಬಾಗಿಲೋ ಕಿಟಕಿಯೋ ಮಂಚವೋ ಮಾಡುವಾಗ ಅದರ ಅಂಗುಲವನ್ನು ಎಂಟರಿಂದ ಭಾಗಿಸಬೇಕು. ಉಳಿಯುವ ಶೇಷ ಒಂದು, ಮೂರು, ಐದು, ಏಳಾದರೆ ಶುಭ. ಎರಡು, ನಾಲ್ಕು, ಆರು ಒಳ್ಳೆಯದಲ್ಲ. ಏನೂ ಉಳಿಯದಿದ್ದರೆ ಅದು ಕಾಕಾಯ, ಎಲ್ಲಕ್ಕಿಂತ ಕೆಟ್ಟದ್ದು. ಇದು ನನ್ನ ಅಜ್ಜ ನನ್ನ ಅಪ್ಪನಿಗೆ, ಅಪ್ಪ ನನಗೆ ಹೇಳಿಕೊಟ್ಟ ಲೆಕ್ಕ. ಕೈ ಗರಗಸ ಹಿಡಿಯುವ ಮೊದಲು ಮನಸ್ಸು ತಾನಾಗಿ ಭಾಗಿಸುತ್ತದೆ. ಇಪ್ಪತ್ತನಾಲ್ಕು ಎಂದರೆ ಎಂಟು ಮೂರಲಿ ಇಪ್ಪತ್ತನಾಲ್ಕು, ಶೇಷ ಸೊನ್ನೆ.

ಒಂದು ಭಾನುವಾರ ನಾನು ಒಬ್ಬನೇ ಹೋಗಿ ಕೊಠಡಿ ತೆರೆದೆ. ಹುಡುಗರು ಕೊಯ್ದರೆ ಮರ ಹಾಳಾದೀತು, ಉದ್ದದ ಪಟ್ಟಿಗಳನ್ನಾದರೂ ನಾನೇ ಕೊಯ್ದಿಡೋಣ ಎಂಬುದು ನನ್ನ ಯೋಚನೆ. ನಕ್ಷೆಯ ಮೇಲೆ ಇಪ್ಪತ್ತನಾಲ್ಕು ಎಂದು ದಪ್ಪಗೆ ಬರೆದಿತ್ತು. ಗರಗಸ ಹಿಡಿದೆ. ಕೈ ಬರಲಿಲ್ಲ. ಒಂದು ಮನೆಯ ಮಗ ಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಹದಿನಾಲ್ಕು ಮನೆಯ ಮಕ್ಕಳ ಕೈಗೆ ಕಾಕಾಯ ಕೊಡಲು ನನ್ನಿಂದಾಗಲಿಲ್ಲ. ಒಂದು ಅಂಗುಲ ಕಡಿಮೆ ಮಾಡಿದರೆ ಇಪ್ಪತ್ತಮೂರು. ಶೇಷ ಏಳು, ಗಜಾಯ, ಒಳ್ಳೆಯದು. ಕಿಟಕಿ ಒಂದು ಅಂಗುಲ ಗಿಡ್ಡವಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಶಿವನ ಹೆಸರು ಹೇಳಿ, ಚೌಕಟ್ಟಿಗೆ ಎರಡರಂತೆ ಇಪ್ಪತ್ತೆಂಟು ಪಟ್ಟಿಗಳನ್ನೂ ಇಪ್ಪತ್ತಮೂರು ಅಂಗುಲಕ್ಕೆ ಕೊಯ್ದೆ. ಮಗ ಹೋದ ಮೇಲೆ ಮೊದಲ ಸಲ ಅಂದು ನನಗೆ ಮನಸ್ಸು ಹಗುರವಾಗಿತ್ತು.

ಸೋಮವಾರ ಹುಡುಗರು ಬಂದರು. ಜೋಡಿಸಿಟ್ಟ ಪಟ್ಟಿಗಳನ್ನು ನೋಡಿ ಬಕ್ಕೇಶ, "ಅಜ್ಜ ನಿದ್ದೆ ಮಾಡೋದೇ ಇಲ್ಲೇನ್ರೋ" ಎಂದ. ಬೊಮ್ಮಣ್ಣ ಒಂದು ಪಟ್ಟಿ ತೆಗೆದುಕೊಂಡು, ಒಂದರ ಗೆರೆಯನ್ನು ಅಂಚಿಗಿಟ್ಟು ಅಳೆದ. ಮತ್ತೆ ಅಳೆದ. ಕೆಂಚಣ್ಣನ ಕೈಗೆ ಕೊಟ್ಟ. ಅವನೂ ಅಳೆದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕೆಂಚಣ್ಣ ಚಪ್ಪಾಳೆ ಹೊಡೆದು ಕೂಗಿದ.

"ಸಿಕ್ತು! ಅಜ್ಜಾ, ಸಿಕ್ತು! ಶನಿವಾರದ ತಪ್ಪು!"

ಹದಿನಾಲ್ಕು ಜನವೂ ಹೋ ಎಂದು ಸುತ್ತುವರಿದರು.

"ಏನದು ಶನಿವಾರದ ತಪ್ಪು?" ಎಂದೆ.

"ಗೊತ್ತಿಲ್ಲದವರ ಹಂಗೆ ಕೇಳ್ತಾರೆ ನೋಡ್ರೋ" ಎಂದ ಬಕ್ಕೇಶ. "ಸಾರ್ ಪ್ರತಿ ಶನಿವಾರ ಬೇಕಂತಲೇ ಒಂದು ತಪ್ಪು ಮಾಡಿ ಇಡ್ತಿದ್ರು, ಅಜ್ಜಾ. ಒಂದು ಮೂಲೆ ಚೂರು ಓರೆ. ಇಲ್ಲಾಂದ್ರೆ ನಕ್ಷೆಯಾಗೆ ಒಂದು ಅಂಕಿ ಹೆಚ್ಚು ಕಡಿಮೆ. ಹುಡುಕಿದೋರಿಗೆ ಶೇಂಗಾ ಬೆಲ್ಲ. ಯಾರೂ ಹುಡುಕದಿದ್ರೆ ಅವರೇ ನಮ್ಮೆದುರು ಕೂತು ತಿಂತಿದ್ರು! ಒಮ್ಮೆ ಪೂರಾ ಪಾವು ಶೇಂಗಾ ತಿಂದ್ರು, ಪಾಪಿ ಮನುಷ್ಯ."

"ಮಾಸ್ತರ ಕೆಲಸದಾಗೆ ತಪ್ಪು ಹುಡುಕೋ ಹುಡುಗ ತನ್ನ ಕೆಲಸದಾಗೂ ಹುಡುಕ್ತಾನೆ ಅಂತಿದ್ರು" ಎಂದ ಬೊಮ್ಮಣ್ಣ.

ನನ್ನ ಅಂಗಡಿಯಲ್ಲಿ ಮಗನಿಗೆ ನಾನು ಕಲಿಸಿದ ರೀತಿ ಬೇರೆ. ಅಪ್ಪನ ಕೈಯಲ್ಲಿ ತಪ್ಪು ಕಂಡರೂ ಕಾಣಬಾರದು. ಹನ್ನೆರಡರ ವಯಸ್ಸಿನಲ್ಲಿ ಒಮ್ಮೆ ಅವನು, "ಅಪ್ಪಾ, ಈ ಚಕ್ರದ ಅರ ಒಂದು ಗಿಡ್ಡ ಐತೆ" ಎಂದದ್ದಕ್ಕೆ ಅಳತೆಕಡ್ಡಿಯಿಂದಲೇ ಹೊಡೆದಿದ್ದೆ. ಅರ ನಿಜವಾಗಿಯೂ ಗಿಡ್ಡವಿತ್ತು.

ಕೆಂಚಣ್ಣ ಆಗ ಇನ್ನೊಂದು ಪಟ್ಟಿ ಅಳೆದ. ಮತ್ತೊಂದು. ಅವನ ನಗು ನಿಂತಿತು.

"ಎಲ್ಲಾವೂ ಇಪ್ಪತ್ತಮೂರೇ ಅದಾವೆ" ಎಂದ. "ಸಾರ್ ಎಂದೂ ಮರ ಹಾಳಾಗೋ ಹಂಗೆ ತಪ್ಪು ಇಡ್ತಿರಲಿಲ್ಲ."

ನಾನು ಹೌದು ಎಂದು ನಕ್ಕುಬಿಡಬಹುದಿತ್ತು, ಪರೀಕ್ಷೆ ಮಾಡೋಕೆ ಇಟ್ಟೆ ಎನ್ನಬಹುದಿತ್ತು. ಎದುರು ಗೋಡೆಯ ಮೇಲೆ ಒಂದು ಗರಗಸದ ನೆರಳು ಖಾಲಿ ಇತ್ತು. ಆ ಗರಗಸವನ್ನು ಭಾನುವಾರ ನಾನೇ ತೆಗೆದು, ಜಾಗಕ್ಕೆ ಇಡದೆ ಹೋಗಿದ್ದೆ.

"ಇದು ಬೇಕಂತ ಇಟ್ಟ ತಪ್ಪಲ್ಲ, ಮಕ್ಕಳೇ" ಎಂದೆ. "ನಾನು ಮಾಡಿದ ತಪ್ಪು." ಆಯದ ಲೆಕ್ಕವನ್ನು ಹೇಳಿದೆ. ಕಾಕಾಯಕ್ಕೆ ಹೆದರಿದೆ ಎಂದೂ ಹೇಳಿದೆ.

ಹುಡುಗರು ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಬೊಮ್ಮಣ್ಣ ನನ್ನ ಪಕ್ಕಕ್ಕೆ ಬಂದು ಕುಳಿತ.

"ಸಾರ್ ನಮಗೆ ಆಯಾನೂ ಹೇಳಿಕೊಟ್ಟಾರೆ, ಅಜ್ಜಾ."

"ಏನಂತ?"

"ಮನೆಯವರು ಆಯ ಕೂಡಬೇಕು ಅಂದ್ರೆ ನಗಬ್ಯಾಡ್ರಿ, ನಕ್ಷೆ ಬರೆಯೋವಾಗಲೇ ಕೂಡಿಸಿ ಬರೀರಿ ಅಂತ. ನಕ್ಷೆ ಮುಗಿದ ಮೇಲೆ ಕೊಯ್ಯೋವಾಗ ಕೂಡಿಸಬ್ಯಾಡ್ರಿ, ಕೊಯ್ಯೋನು ನಕ್ಷೆಗೆ ಮಾತು ಕೊಟ್ಟಿರ್ತಾನೆ ಅಂತ." ಆಮೇಲೆ ಮುಂದುವರಿದ: "ಸಾರ್ ನಿಮ್ಮ ಬಗ್ಗೆನೂ ಹೇಳ್ತಿದ್ರು. ನಮ್ಮಪ್ಪನಂಥ ಕೈ ಹರಿಹರದಾಗೆ ಇನ್ನೊಂದಿಲ್ಲ, ಆದ್ರೆ ಅವರು ಕೊಯ್ಯೋವಾಗ ಆಯ ಕೂಡಿಸ್ತಾರೆ, ಅದಕ್ಕೆ ಅವರ ಬಾಗಿಲು ಒಂದರ ಹಂಗೆ ಒಂದು ಇರೋದಿಲ್ಲ ಅಂತಿದ್ರು."

ನಾನು ಮುಖ ಗೋಡೆಯ ಕಡೆ ತಿರುಗಿಸಿಕೊಂಡೆ. ಹಾಲೇಶಪ್ಪ ನನ್ನನ್ನು ಬಿಟ್ಟುಕೊಡದೆ, ನನ್ನ ತಪ್ಪನ್ನೂ ಮುಚ್ಚದೆ ಈ ಮಕ್ಕಳಿಗೆ ಹೇಳಿದ್ದ.

ಆದರೆ ಅಳುತ್ತಾ ಕೂರುವ ಹೊತ್ತು ಅದಾಗಿರಲಿಲ್ಲ. ಪರೀಕ್ಷಕರು ಬರಲು ಹದಿನೆಂಟು ದಿನವಿತ್ತು. ಇಲಾಖೆ ಇನ್ನೊಮ್ಮೆ ಮರ ಕೊಡುವುದಿಲ್ಲ. ಬಜಾರಿನಲ್ಲಿ ಹೊಸದಾಗಿ ಕೊಯ್ದ ಹಸಿಮರ ಸಿಕ್ಕೀತು. ಅದರಲ್ಲಿ ಮಾಡಿದ ಚೌಕಟ್ಟು ಪರೀಕ್ಷೆಯ ದಿನಕ್ಕೆ ಸೊಟ್ಟಗಾಗಿರುತ್ತದೆ. ಚೆನ್ನಾಗಿ ಒಣಗಿದ ಸಾಗುವಾನಿ ಇದ್ದದ್ದು ಒಂದೇ ಕಡೆ, ನನ್ನ ಮನೆಯ ಅಟ್ಟದ ಮೇಲೆ.

ಹಾಲೇಶಪ್ಪ ದಾವಣಗೆರೆಯಲ್ಲಿ ಒಂದು ನಿವೇಶನ ಕೊಂಡಿದ್ದ. ಅಲ್ಲಿ ಕಟ್ಟುವ ಮನೆಯ ಮುಂಬಾಗಿಲಿಗೆಂದು ಏಳಡಿಯ ಎರಡು ಕಂಬಗಳನ್ನು ನಾನು ಆರು ವರ್ಷದ ಹಿಂದೆಯೇ ಆರಿಸಿ ತಂದಿದ್ದೆ. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಅವುಗಳ ಆಯವನ್ನೂ ಕೂಡಿಸಿಟ್ಟಿದ್ದೆ. ಮಗ ಹೋದ ಮೇಲೆ ಆ ಅಟ್ಟದ ಕಡೆಗೆ ನಾನು ಕತ್ತೆತ್ತಿ ನೋಡಿರಲಿಲ್ಲ.

ಸಂಜೆ ಮನೆಗೆ ಹೋಗಿ ಏಣಿ ಹಾಕಿದೆ. ಶಕುಂತಲಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಕೆಳಗೆ ನಿಂತಳು. ನಾನು ನಡೆದದ್ದನ್ನು ಹೇಳಿದೆ.

"ಇದು ನಿನ್ನ ಮನೆ ಬಾಗಿಲಿನ ಮರ, ತಾಯಿ. ನೀನು ಬ್ಯಾಡ ಅಂದ್ರೆ ಇಳಿಸೋದಿಲ್ಲ."

ಅವಳು ಮಗುವನ್ನು ಕೆಳಗಿಳಿಸಿ, ಸೆರಗು ಸಿಕ್ಕಿಸಿಕೊಂಡು ಏಣಿಯ ಕಾಲು ಹಿಡಿದಳು.

"ಬಿಗಿಯಾಗಿ ಹಿಡಿದೀನಿ. ಇಳಿಸ್ರಿ, ಮಾವ" ಎಂದಳು. ಕಂಬಗಳು ನೆಲಕ್ಕೆ ಬಂದ ಮೇಲೆ ಒಂದರ ಧೂಳನ್ನು ಅಂಗೈಯಲ್ಲಿ ಒರೆಸಿದಳು. "ಈ ಸಲ ಇಪ್ಪತ್ತನಾಲ್ಕಕ್ಕೆ ಕೊಯ್ಯಿರಿ ಮತ್ತೆ."

"ನಾನು ಕೊಯ್ಯೋದಿಲ್ಲ" ಎಂದೆ. "ಹುಡುಗರು ಕೊಯ್ತಾರೆ."

ಬೆಳಿಗ್ಗೆ ಚಕ್ಕಡಿಯಲ್ಲಿ ಕಂಬಗಳನ್ನು ದಾವಣಗೆರೆಗೆ ಒಯ್ದೆ. ಸಾಮಿಲ್ಲಿನಲ್ಲಿ ಸೀಳಿಸಿದೆವು. ಒಂದೊಂದು ಕಂಬದಲ್ಲಿ ಮೂರು ತುಂಡು, ಒಂದೊಂದು ತುಂಡಿಗೆ ಐದು ಪಟ್ಟಿ. ಬೇಕಾದದ್ದು ಇಪ್ಪತ್ತೆಂಟು, ಸಿಕ್ಕಿದ್ದು ಮೂವತ್ತು. ಹುಡುಗರು ಒಂದರಿಂದ ಅಳೆದು ಇಪ್ಪತ್ತೈದರ ಮೇಲೆ ಗುರುತು ಹಾಕಿದರು. ಎರಡನೆಯವನು ಅಳೆದ. ಎರಡು ಹೆಸರು ಬರೆದರು. ಗರಗಸ ಆಡಿತು. ಹದಿನೆಂಟು ದಿನವೂ ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಪ್ರತಿ ಪಟ್ಟಿ ಕೊಯ್ದಾಗಲೂ ಮನಸ್ಸು ಎಂಟರಿಂದ ಭಾಗಿಸುತ್ತಿತ್ತು, ಶೇಷ ಸೊನ್ನೆ ಬರುತ್ತಿತ್ತು. ಶಿವ ಶಿವಾ ಎಂದು ಆ ಸೊನ್ನೆಯನ್ನು ಅವನಿಗೇ ಒಪ್ಪಿಸುತ್ತಿದ್ದೆ.

ಮಾರ್ಚಿ ಇಪ್ಪತ್ತಮೂರನೆಯ ತಾರೀಖು ಪರೀಕ್ಷಕರು ಬಂದರು. ಕಲ್ಲೇಶಪ್ಪನವರೆಂದು ಹೆಸರು. ಐವತ್ತರ ಪ್ರಾಯ, ನಗದ ಮುಖ. ಹದಿನಾಲ್ಕು ಚೌಕಟ್ಟುಗಳನ್ನು ಗೋಡೆಗೆ ಒರಗಿಸಿದ್ದೆವು. ಹುಡುಗರು ಸಾಲಾಗಿ ನಿಂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮುರುಗೇಶಪ್ಪನವರು ಫಾರಮುಗಳ ಕಟ್ಟು ಹಿಡಿದಿದ್ದರು.

ಪರೀಕ್ಷಕರು ಚೀಲದಿಂದ ಮಡಿಚುವ ಮರದ ಅಳತೆಪಟ್ಟಿಯನ್ನು ತೆಗೆದರು. ಮೊದಲ ಚೌಕಟ್ಟಿನ ಎತ್ತರ ಅಳೆದರು. "ಇಪ್ಪತ್ತನಾಲ್ಕೂ ಅರ್ಧ ನೂಲು" ಎಂದರು. ಅಂಗುಲದ ಎಂಟರಲ್ಲೊಂದು ಪಾಲಿಗೆ ಕಸುಬಿನಲ್ಲಿ ನೂಲು ಎನ್ನುತ್ತಾರೆ. ಎರಡನೆಯದನ್ನು ಅಳೆದರು. ಅದೂ ಅರ್ಧ ನೂಲು ಹೆಚ್ಚು. ಮೂರನೆಯದೂ, ನಾಲ್ಕನೆಯದೂ ಹಾಗೆಯೇ. ಅವರು ನಿಂತು ನನ್ನ ಕಡೆ ನೋಡಿದರು.

"ಇವರು ಯಾರು?"

"ಹರಿಹರದ ವಾಮದೇವಪ್ಪನೋರು, ಸಾರ್. ಬಡಗಿಗಳು" ಎಂದರು ಮುರುಗೇಶಪ್ಪನವರು.

"ಸರಿ, ಗೊತ್ತಾಯ್ತು. ಹದಿನಾಲ್ಕು ಜನ ಹುಡುಗರು ಹದಿನಾಲ್ಕು ಥರ ತಪ್ಪು ಮಾಡಬೇಕು. ಅಳೆದ ನಾಲ್ಕೂ ಒಂದೇ ಅರ್ಧ ನೂಲು ತಪ್ಪಿವೆ ಅಂದ್ರೆ ಇದು ಒಂದೇ ಕೈಯ ಕೆಲಸ. ಯಜಮಾನ್ರು ಕೊಯ್ದು ಕೊಟ್ಟಿದ್ದಾರೆ, ಹುಡುಗರು ಹೆಸರು ಬರೆದಿದ್ದಾರೆ. ಹೆಡ್‌ಮಾಸ್ತರೇ, ಇಂಥದ್ದನ್ನ ನಾನು ಬೇಕಾದಷ್ಟು ಶಾಲೇಲಿ ನೋಡಿದೀನಿ."

ಆ ಮರವನ್ನು ನಾನು ಮುಟ್ಟಿಲ್ಲ, ಲಿಂಗ ಮುಟ್ಟಿ ಹೇಳುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೊಮ್ಮಣ್ಣ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದ.

"ಸಾರ್, ಒಂದರಿಂದ ಅಳೀರಿ."

"ಏನಂದೆ?"

"ನಿಮ್ಮ ಪಟ್ಟಿ ತುದಿ ಬಿಟ್ಟು, ಒಂದರ ಗೆರೆಯಿಂದ ಅಳೀರಿ, ಸಾರ್."

"ನನಗೆ ಅಳೆಯೋದು ಹೇಳಿಕೊಡ್ತೀಯಾ?"

ಬೊಮ್ಮಣ್ಣ ಹಿಂದೆ ಸರಿಯಲಿಲ್ಲ. "ನಮ್ಮ ಸಾರ್ ಸೊನ್ನೆಯಿಂದ ಅಳೆಯೋಕೆ ಬಿಡ್ತಿರಲಿಲ್ಲ, ಸಾರ್. ಸೊನ್ನೆ ಸವೀತದೆ, ಒಂದು ಸವೆಯೋದಿಲ್ಲ ಅಂತಿದ್ರು. ಅವರ ಪಟ್ಟಿಯಿಂದ್ಲೂ ಹಂಗೇ ಅಳೀತಿದ್ವಿ."

ಕಲ್ಲೇಶಪ್ಪನವರು ಅಳತೆಪಟ್ಟಿಯನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಅದರ ತುದಿಗೆ ಹೊದಿಸಿದ್ದ ಹಿತ್ತಾಳೆಯ ತಗಡು ಯಾವಾಗಲೋ ಉದುರಿ ಹೋಗಿತ್ತು. ಬರಿ ಮರ ಸವೆದು ದುಂಡಗಾಗಿತ್ತು. ಅವರು ಒಂದರ ಗೆರೆಯನ್ನು ಮೊದಲ ಚೌಕಟ್ಟಿನ ಅಂಚಿಗಿಟ್ಟರು. ಇನ್ನೊಂದು ಅಂಚು ಇಪ್ಪತ್ತೈದರ ಗೆರೆಯ ಮೇಲೆ ಸರಿಯಾಗಿ ನಿಂತಿತು. ಹದಿನಾಲ್ಕನ್ನೂ ಮತ್ತೆ ಅಳೆದರು. ಹನ್ನೆರಡು ಸರಿಯಾಗಿದ್ದವು. ಎರಡು ಮಾತ್ರ ಕೂದಲೆಳೆಯಷ್ಟು ಆಚೀಚೆ. ಅದರಲ್ಲಿ ಒಂದು ಕೆಂಚಣ್ಣನದು.

"ನಾನು ಹೇಳಿರಲಿಲ್ವಾ?" ಎಂದು ಬಕ್ಕೇಶ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಪರೀಕ್ಷಕರು ಆಗ ಬಗ್ಗಿ, ಪಟ್ಟಿಗಳ ಒಳಬದಿಯಲ್ಲಿದ್ದ ಪೆನ್ಸಿಲಿನ ಹೆಸರುಗಳನ್ನು ನೋಡಿದರು. ಪ್ರತಿಯೊಂದರ ಮೇಲೂ ಎರಡೆರಡು. ಇದೇನೆಂದು ಕೇಳಿದರು. ಹುಡುಗರು ಹೇಳಿದರು. ಗೋಡೆಯ ಮೇಲಿನ ನೆರಳುಗಳನ್ನು ನೋಡಿ ಅದನ್ನೂ ಕೇಳಿದರು. ಶನಿವಾರದ ತಪ್ಪಿನ ಕಥೆಯನ್ನು ಬಕ್ಕೇಶ, ಶೇಂಗಾ ಸಮೇತ, ಕೇಳದಿದ್ದರೂ ಹೇಳಿದ.

"ಎಷ್ಟು ವರ್ಷದಿಂದ ಪರೀಕ್ಷೆ ಮಾಡ್ತಾ ಇದೀನಿ" ಎಂದರು ಕಲ್ಲೇಶಪ್ಪನವರು. "ನನ್ನ ಪಟ್ಟಿ ಸವೆದಿರೋದನ್ನ ಯಾರೂ ಹೇಳಿರಲಿಲ್ಲ. ಅದೆಷ್ಟು ಹುಡುಗರಿಗೆ ಅಂಕ ಕಡಿದೀನೋ." ಆಮೇಲೆ ತಲೆಯೆತ್ತಿ, "ಎಲ್ಲಿ ನಿಮ್ಮ ಸಾರ್? ಕರೀರಿ" ಎಂದರು.

ಮುರುಗೇಶಪ್ಪನವರು ಮೆಲ್ಲಗೆ ವಿಷಯ ತಿಳಿಸಿದರು. ಬಾಗಿಲ ಹತ್ತಿರ ನಿಂತಿರುವವರು ಅವರ ತಂದೆ ಎಂದೂ ಹೇಳಿದರು.

ಪರೀಕ್ಷಕರು ಫಾರಮ್ ತೆಗೆದುಕೊಂಡು ಮೇಜಿನ ಮುಂದೆ ಕುಳಿತರು. ಪೆನ್ನಿನ ಮುಚ್ಚಳ ತೆಗೆದು, 'ಕಲಿಸಿದವರು' ಎಂಬ ಖಾಲಿ ಜಾಗದಲ್ಲಿ ಬೆರಳಿಟ್ಟರು.

"ಪೂರಾ ಹೆಸರು ಹೇಳ್ರಿ."

"ಸಾರ್, ಅವರು ಈಗ ಸೇವೆಯಲ್ಲಿ ಇಲ್ಲದ ಕಾರಣ ನಿಯಮದಂತೆ..." ಎಂದರು ಮುರುಗೇಶಪ್ಪನವರು.

"ಕಲಿಸಿದವರು ಯಾರು ಅಂತ ತಾನೇ ಈ ಕಾಲಂ ಕೇಳ್ತಾ ಇರೋದು? ಇದ್ದಾರೋ ಇಲ್ಲವೋ ಅಂತ ಕೇಳಿಲ್ಲವಲ್ಲ." ಅವರು ನನ್ನ ಕಡೆ ತಿರುಗಿದರು. "ಯಜಮಾನ್ರೇ, ನೀವು ಹೇಳ್ರಿ."

"ವಾಮದೇವಪ್ಪನ ಮಗ ಹಾಲೇಶಪ್ಪ" ಎಂದೆ.

ಕೆಳಗೆ ಅವರು ಏಳೆಂಟು ಸಾಲು ಬರೆದರು. ಬರೆದದ್ದನ್ನು ಮುರುಗೇಶಪ್ಪನವರು ಆಮೇಲೆ ನನಗೆ ಓದಿ ಹೇಳಿದರು. ಈ ವಿಭಾಗವನ್ನು ಮುಚ್ಚಕೂಡದು. ಇಲ್ಲಿಗೆ ಬರುವ ಶಿಕ್ಷಕರು ಹಿಂದಿನವರ ಪದ್ಧತಿಯನ್ನೇ ನಡೆಸಿಕೊಂಡು ಹೋಗತಕ್ಕದ್ದು. ಜಿಲ್ಲೆಯ ಉಳಿದ ಕೈಕಸುಬಿನ ಮಾಸ್ತರುಗಳು ಬಂದು ಇದನ್ನು ನೋಡತಕ್ಕದ್ದು ಎಂದಿತ್ತು. ಕೊನೆಯ ಸಾಲಿನಲ್ಲಿ, ಪರೀಕ್ಷಕರ ಅಳತೆಪಟ್ಟಿಗಳನ್ನು ಬದಲಾಯಿಸತಕ್ಕದ್ದು ಎಂದೂ ಇತ್ತು.

ಜೂನ್ ತಿಂಗಳಲ್ಲಿ ಹೊಸ ಮಾಸ್ತರು ಬಂದರು. ಸೂರಪ್ಪ ಎಂಬ ತರುಣ. ಹಾಲೇಶಪ್ಪನ ಕೈಕೆಳಗೆ ಮೊದಲ ವರ್ಷಗಳಲ್ಲಿ ಕಲಿತು ಹೋದವನೇ. ಬೀಗದ ಕೈಯನ್ನು ನಾನು ಅವನ ಕೈಗೆ ಕೊಟ್ಟೆ. ಅವನು ತೆಗೆದುಕೊಂಡು, "ಶನಿವಾರ ಮಾತ್ರ ನೀವು ಬರಬೇಕು, ಅಜ್ಜಾ" ಎಂದ. "ನಾನು ತಪ್ಪು ಇಟ್ರೆ ಹುಡುಗರು ನನ್ನ ಮುಖ ನೋಡೇ ಕಂಡು ಹಿಡೀತಾರೆ."

ಮೊದಲ ಶನಿವಾರಕ್ಕೆಂದು ನಾನು ಮುಂಬಾಗಿಲಿನ ಮರದಲ್ಲಿ ಉಳಿದಿದ್ದ ಎರಡು ಪಟ್ಟಿಗಳನ್ನು ತೆಗೆದುಕೊಂಡೆ. ಒಂದನ್ನು ಎರಡು ತುಂಡು ಮಾಡಿ ಮೂಲೆ ಕೂಡಿಸಿ, ಅದರಲ್ಲಿ ಒಂದು ಸಣ್ಣ ತಪ್ಪನ್ನು ಇಡಬೇಕು. ಮರ ಹಾಳಾಗಬಾರದು, ಸುಲಭವಾಗಿ ಕಾಣಬಾರದು, ಸರಿಯಾಗಿ ಹುಡುಕಿದವನಿಗೆ ಸಿಗಬೇಕು. ಶುಕ್ರವಾರ ಬೆಳಿಗ್ಗೆ ಕೂತವನು ಮಧ್ಯಾಹ್ನದವರೆಗೂ ಕೂತೆ. ಕೈ ಕೇಳುವುದಿಲ್ಲ. ಓರೆ ಮಾಡಹೋದರೆ ನೇರವಾಗುತ್ತದೆ. ಇಲ್ಲವಾದರೆ ತಪ್ಪು ತೀರ ಎದ್ದು ಕಾಣುತ್ತದೆ. ಇಂಥದ್ದನ್ನು ಅವನು ಹನ್ನೊಂದು ವರ್ಷ, ವಾರಕ್ಕೊಂದರಂತೆ ಮಾಡಿದ್ದ. ಊಟಕ್ಕೆ ಕರೆಯಲು ಬಂದ ಶಕುಂತಲಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಆಯ್ತೇನ್ರಿ, ಮಾವ?"

"ಇಲ್ಲ ತಾಯಿ" ಎಂದೆ. "ನಿನ್ನ ಗಂಡನಷ್ಟು ಚೆನ್ನಾಗಿ ತಪ್ಪು ಮಾಡೋಕೆ ನನಗೆ ಇನ್ನೂ ಬಂದಿಲ್ಲ. ಇನ್ನೊಂದು ಪಟ್ಟಿ ಐತೆ, ಕಲೀತೀನಿ."

ಅವಳು ಒಳಗೆ ಹೋಗಿ ಒಂದು ಪಾವು ಶೇಂಗಾವನ್ನೂ ಒಂದು ಅಚ್ಚು ಬೆಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಚೀಲದಲ್ಲಿಟ್ಟಳು.